ನಾಜಮೀನಳ ಆಟದ ದಫ್ತರ

ರೋಣ ಬಸ್ ನಿಲ್ದಾಣದ ಕಂಟ್ರೋಲರ್ ಇನಾಯತ ಟೆನಿಸ್ ರಾಕೆಟ್ಟನ್ನು ಕೈಯಲ್ಲಿ ಹಿಡಿದದ್ದು ಜೀವಮಾನದಲ್ಲಿ ಎರಡು ಮೂರು ಸಲ ಇರಬೇಕು, ಅದೂ ಅಕ್ಕನ ಮಗಳ ಚೀಲವನ್ನು ಬಸ್ಸಿಗೆ ಏರಿಸುವಾಗ. ಆದರೂ ಆ ಹುಡುಗಿ, ನಾಜಮೀನ, ಆರು ವರ್ಷಗಳಲ್ಲಿ ಆಡಿದ ಇನ್ನೂರ ಮೂವತ್ತಾರು ಸಿಂಗಲ್ಸ್ ಪಂದ್ಯಗಳಲ್ಲಿ ಯಾವುದನ್ನು ಕೇಳಿದರೂ ಅವನು ಹೇಳಬಲ್ಲ. ಎಲ್ಲಿ ಆಡಿದಳು, ಎದುರಿಗೆ ಯಾರಿದ್ದರು, ಎರಡನೇ ಸೆಟ್ಟಿನಲ್ಲಿ ಎಷ್ಟು ಡಬಲ್ ಫಾಲ್ಟ್ ಆದವು, ಎಲ್ಲ. ಇದು ನೆನಪಿನ ಶಕ್ತಿಯಲ್ಲ. ಅವನ ಮನೆಯ ಕಪಾಟಿನಲ್ಲಿ ಏಳು ಉದ್ದನೆಯ ದಫ್ತರಗಳಿವೆ. ಏಳನೆಯದರಲ್ಲಿ 2022ರ ನವೆಂಬರ್ ಒಂಬತ್ತನೆಯ ತಾರೀಖಿನ ಎದುರು ಪೆನ್ಸಿಲಿನಲ್ಲಿ ಬರೆದ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಆ ಪುಟವನ್ನು ಅವನು ಈಗ ತೆರೆಯುವುದಿಲ್ಲ.

ನಾಜಮೀನಳ ತಂದೆ ಜಂಗ್ಲಿಸಾಬ ಗಜೇಂದ್ರಗಡದವನು. ಹುಬ್ಬಳ್ಳಿಯ ಒಂದು ಕ್ಲಬ್ಬಿನಲ್ಲಿ ಟೆನಿಸ್ ಅಂಕಣಗಳನ್ನು ನೋಡಿಕೊಳ್ಳುವ ಕೆಲಸ ಅವನದು. ನಸುಕಿನಲ್ಲಿ ಕೆಂಪು ಮಣ್ಣಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕುತ್ತಿದ್ದ. ಆ ಕಾಲಕ್ಕೆ ಇನಾಯತ ರೋಣ–ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ಮಧ್ಯಾಹ್ನ ಬಸ್ಸು ಹುಬ್ಬಳ್ಳಿಯಲ್ಲಿ ಎರಡು ತಾಸು ನಿಲ್ಲುತ್ತಿತ್ತು. ಅವನು ಬುತ್ತಿ ಕಟ್ಟಿಕೊಂಡು ಭಾವನ ಹತ್ತಿರ ಹೋಗುತ್ತಿದ್ದ. ಕ್ಲಬ್ಬಿನ ಹಿಂದಿನ ಗೋಡೆಗೆ ಏಳು ವರ್ಷದ ನಾಜಮೀನ ಯಾರೋ ಬಿಸಾಕಿದ ರಾಕೆಟ್ಟಿನಿಂದ ಚೆಂಡು ಹೊಡೆಯುತ್ತಿದ್ದಳು. ಇನಾಯತ ರೊಟ್ಟಿ ಮುರಿಯುತ್ತ ಎಣಿಸುತ್ತಿದ್ದ. ಒಂದು ದಿನ ಚೆಂಡು ನೆಲಕ್ಕೆ ಎರಡು ಸಲ ಪುಟಿಯದೆ ಇನ್ನೂರ ಹನ್ನೊಂದು ಸಲ ಗೋಡೆಗೆ ಹೋಗಿ ಬಂತು. ಅಲ್ಲಿ ತರಬೇತಿ ಕೊಡುತ್ತಿದ್ದ ಮಾಲತೇಶ ಆ ಸಂಖ್ಯೆ ಕೇಳಿ ನಗಲಿಲ್ಲ. ಮರುದಿನದಿಂದ ಹುಡುಗಿಯನ್ನು ಅಂಕಣದೊಳಗೆ ಕರೆದ.

ಹದಿನೆಂಟಕ್ಕೆ ಅವಳು ವೃತ್ತಿಪರ ಟೂರ್ನಿಗಳಿಗೆ ಇಳಿದಳು. ಮೊದಲನೆಯ ಪಂದ್ಯ 1–6, 1–6. ಇನಾಯತ ಮೊಬೈಲಿನಲ್ಲಿ ಆ ಅಂಕಿಗಳನ್ನು ನೋಡಿ ಫೋನು ಮಾಡಿದ.

“ಹ್ಯಾಂಗ ಸೋತಿ ಬೇಟಾ?”

“ಹ್ಯಾಂಗ ಅಂದ್ರ? ಸೋತೆ ಮಾಮೂ.”

“ಬಸ್ ತಡಾ ಬಂತಂದ್ರ ಯಾಕ ತಡಾ ಆತಂತ ಬರೀತೀವಿ ನಾವು. ಪಂಚರ್ ಆತೋ, ಹಾದ್ಯಾಗ ದನ ಬಂದುವೋ. ನೀನೂ ಹೇಳು.”

ಅವಳು ನಗುತ್ತ ಒಂದೊಂದೇ ಹೇಳಿದಳು. ಇವನು ಬರೆದುಕೊಂಡ. ದಫ್ತರ ಶುರುವಾದದ್ದು ಹಾಗೆ. ಮುಂದೆ ಸಣ್ಣ ಟೂರ್ನಿಗಳ ಆಟವೂ ಮೊಬೈಲಿನಲ್ಲಿ ನೇರವಾಗಿ ಕಾಣಿಸತೊಡಗಿತು. ಅಂಕಣದ ಹಿಂದೆ ಕಂಬಕ್ಕೆ ಕಟ್ಟಿದ ಒಂದೇ ಕ್ಯಾಮೆರಾ. ಮಾತಿಲ್ಲ, ವಿವರಣೆಯಿಲ್ಲ. ಪಂದ್ಯ ಇದ್ದ ದಿನ ಇನಾಯತ ಪಾಳಿ ಬದಲಿಸಿಕೊಂಡು ಮನೆಯಲ್ಲಿ ಕೂತು ಪ್ರತಿ ಪಾಯಿಂಟಿಗೂ ಒಂದು ಗುರುತು ಹಾಕುತ್ತಿದ್ದ. ಸರ್ವ್ ಎಲ್ಲಿ ಬಿತ್ತು, ಅವಳು ಯಾವ ಕೈಯಿಂದ ಹೊಡೆದಳು, ಚೆಂಡು ಬಲೆಗೆ ಹೋಯಿತೋ ಗೆರೆಯಾಚೆ ಹೋಯಿತೋ. ಅವನ ಹೆಂಡತಿ ಕಮರುನ್ನಿಸಾ ಆ ಹೊತ್ತಿಗೆ ಚಹಾ ಇಟ್ಟು ಹೋಗುತ್ತಿದ್ದಳು, ಮಾತಾಡಿಸುತ್ತಿರಲಿಲ್ಲ.

ನಾಜಮೀನ ಮೊದಮೊದಲು ಇದನ್ನು ಮಾಮನ ಹುಚ್ಚು ಅಂದುಕೊಂಡಿದ್ದಳು. 2019ರಲ್ಲಿ ಜಂಗ್ಲಿಸಾಬ ಅಂಕಣದ ಮೇಲೆಯೇ ಎದೆನೋವಿನಿಂದ ಕುಸಿದು ತೀರಿಕೊಂಡ. ನಾಜಮೀನಳ ತಾಯಿ, ಇನಾಯತನ ಅಕ್ಕ ಹಸೀನಾ ಗಂಡನ ಊರಾದ ಗಜೇಂದ್ರಗಡಕ್ಕೆ ಮರಳಿ, ಪಕ್ಕದ ಮಗ್ಗದ ಮನೆಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಉಳಿದಳು. ಆಮೇಲೆ ನಾಜಮೀನ ತಾನಾಗಿ ಫೋನು ಮಾಡಿ ಕೇಳತೊಡಗಿದಳು. “ಮಾಮೂ, ಮೂವತ್ತು–ನಲವತ್ತು ಇದ್ದಾಗ ನಾ ಎಲ್ಲಿ ಸರ್ವ್ ಮಾಡ್ತೀನ್ರಿ?” ಇವನು ದಫ್ತರ ತಿರುವಿ ಹೇಳುತ್ತಿದ್ದ: “ಹತ್ತರಾಗ ಎಂಟು ಸಲ ಎದುರಿನಾಕಿ ಎಡಕ್ಕ. ಅಕೀಗೂ ಗೊತ್ತಾಗಿರಬೇಕು.” ಆ ವಾರ ಅವಳು ಬಲಕ್ಕೆ ಹೊಡೆದಳು. ಮೊದಲ ಪ್ರಶಸ್ತಿ ಬಂತು. ನಂತರ ಇನ್ನೂ ಮೂರು. 2022ರ ಅಕ್ಟೋಬರ್ ಮುಗಿಯುವಾಗ ಅವಳ ಸಿಂಗಲ್ಸ್ ದಾಖಲೆ ನೂರ ಮೂವತ್ತೊಂದು ಗೆಲುವು, ತೊಂಬತ್ತೆರಡು ಸೋಲು. ರ‍್ಯಾಂಕಿಂಗ್ 437. ಮಾಲತೇಶ ಮುಂದಿನ ವರ್ಷ ಮುನ್ನೂರರ ಒಳಗೆ ಅನ್ನುತ್ತಿದ್ದ.

ನವೆಂಬರ್ ಒಂಬತ್ತು, ಬುಧವಾರ. ಥಾಯ್ಲೆಂಡಿನಲ್ಲಿ ಪಂದ್ಯ. ರೋಣದಲ್ಲಿ ಇನ್ನೂ ಬೆಳಗಿನ ಚಹಾದ ಹೊತ್ತು. ಎದುರಾಳಿ ಅವಳಿಗಿಂತ ಇನ್ನೂರು ಸ್ಥಾನ ಕೆಳಗಿನ ಹುಡುಗಿ, ದೊಡ್ಡ ಸರ್ವ್ ಏನೂ ಇಲ್ಲ. ಮೊದಲ ಸೆಟ್ಟನ್ನು ನಾಜಮೀನ ಆರಾಮವಾಗಿ ಗೆದ್ದಳು. ಎರಡನೆಯದರಲ್ಲಿ ಆ ಹುಡುಗಿ ಚೆಂಡನ್ನು ಅಂಕಣದ ಹೊರ ಅಂಚಿಗೆ ಎಳೆದು ಸರ್ವ್ ಮಾಡಿದಳು. ನಾಜಮೀನ ಕದಲಲಿಲ್ಲ. ಸೋತು ನಿಂತವಳಂತಲ್ಲ, ಇನ್ನೂ ಸರ್ವ್ ಬಂದೇ ಇಲ್ಲ ಎಂಬಂತೆ ಬಾಗಿ ಕಾಯುತ್ತಿದ್ದಳು. ಚೆಂಡು ಹಿಂದಿನ ಪರದೆಗೆ ಬಡಿದ ಸದ್ದಾದ ಮೇಲೆ ಕತ್ತೆತ್ತಿದಳು.

ಮುಟ್ಟದೇ ಬಿಟ್ಟ ಸರ್ವ್, ಇನಾಯತ ಏಸ್ ಎಂದು ಬರೆದ. ಎರಡು ಗೇಮ್ ಕಳೆದು ಮತ್ತೆ ಹಾಗೇ ಆಯಿತು, ಈ ಸಲ ಇನ್ನೊಂದು ಬದಿಯಲ್ಲಿ. ಅವಳು ಪಂದ್ಯ ಸೋತಳು. ಒಂಬತ್ತು ಏಸ್. ಅಲ್ಲಿಯವರೆಗೆ ಅವಳ ವಿರುದ್ಧ ಬೀಳುತ್ತಿದ್ದದ್ದು ಪಂದ್ಯಕ್ಕೆ ಮೂರು, ಹೆಚ್ಚೆಂದರೆ ನಾಲ್ಕು.

ಡಿಸೆಂಬರಿನಲ್ಲಿ ಡಬಲ್ಸ್ ಜೊತೆಗಾತಿ ಕೈಬಿಟ್ಟಳು. ಇಬ್ಬರೂ ಒಂದೇ ಚೆಂಡಿಗೆ ಓಡಿ, ಜೊತೆಗಾತಿಯ ರಾಕೆಟ್ಟು ನಾಜಮೀನಳ ಕೆನ್ನೆಗೆ ಬಡಿದು ಮೂರು ಹೊಲಿಗೆ ಬಿದ್ದಿತ್ತು. ‘ಪಕ್ಕದಲ್ಲಿ ನಾನಿದ್ದೇನೆ ಅನ್ನುವುದೇ ಅವಳ ಲಕ್ಷ್ಯದಲ್ಲಿರುವುದಿಲ್ಲ’ ಎಂದು ಆ ಹುಡುಗಿ ಕೋಚ್ ಹತ್ತಿರ ದೂರಿದಳಂತೆ. ಎರಡು ತಿಂಗಳಲ್ಲಿ ಇಂಥ ಡಿಕ್ಕಿ ಇದು ಮೂರನೆಯದು. ಇನಾಯತ ಹಿಂದಿನ ಪುಟಗಳನ್ನು ತಿರುವಿದ. ಅದಕ್ಕೂ ಮುಂಚಿನ ಐದು ವರ್ಷಗಳಲ್ಲಿ ಒಂದೂ ಇರಲಿಲ್ಲ. ಅವತ್ತು ಅವನು ಒಂಬತ್ತನೆಯ ತಾರೀಖಿನ ಮುಂದೆ ಪೆನ್ಸಿಲಿನಿಂದ ಆ ಚಿಹ್ನೆ ಹಾಕಿದ.

ಜನವರಿ ಮಧ್ಯದಲ್ಲಿ ಧೈರ್ಯ ಮಾಡಿ ಮಾಲತೇಶನಿಗೆ ಫೋನು ಹಚ್ಚಿದ.

“ಸರ್, ಏಸ್ ಎಲ್ಲಾ ಹೊರಗಿನ ಅಂಚಿಗೇ ಬೀಳಾಕತ್ತಾವ್ರಿ. ಎರಡೂ ಕಡೆ. ನಡುವ ಬಂದ ಚೆಂಡು ಮೊದಲಿನಂಗ ಹೊಡೀತಾಳ. ಹೊರಗ ಬಂದದ್ದಕ್ಕ ಕಾಲ ಎತ್ತೂದುಲ್ಲ.”

“ಇನಾಯತ ಸಾಹೇಬ್ರ, ಕಾಲು ನಿಧಾನ ಆಗ್ಯಾವ. ಫಾರ್ಮ್ ಹೋಗೇತಿ. ಎಲ್ಲಾರಿಗೂ ಹೋಗ್ತೇತಿ, ಬರ್ತೇತಿ.”

“ಕಾಲು ನಿಧಾನ ಆಗಿದ್ರ ನೆಟ್ಟಿಗೆ ಓಡೂದೂ ತಡಾ ಆಗ್ಬೇಕಲ್ರಿ? ಅದು ಆಗಿಲ್ಲ.”

ಮಾಲತೇಶ ದನಿ ಏರಿಸಿದ. “ನೋಡ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಬಸ್ ನೋಡ್ಕೊಳ್ರಿ, ಟೆನಿಸ್ ನಾ ನೋಡ್ಕೋತೀನಿ. ಈ ಅಂಕಿ ಅಕೀ ಮುಂದ ಓದಿ ತಲಿ ಕೆಡಸಬ್ಯಾಡ್ರಿ.”

ಇನಾಯತ ಫೋನಿಟ್ಟ. ಮುಖ ಬಿಸಿಯಾಗಿತ್ತು. ಮಾಲತೇಶ ಹೇಳಿದ್ದು ತಪ್ಪು ಅನ್ನಲು ಅವನ ಹತ್ತಿರ ಏನಿತ್ತು? ಬಸ್ಸಿನ ಹೊತ್ತು ಬರೆಯುವವನು ತಾನು. ಅಂದಿನಿಂದ ನಾಜಮೀನ ಫೋನು ಮಾಡಿದಾಗಲೂ ಅವನು ಬೇರೆ ಮಾತಾಡಿದ. ಊಟ ಆಯಿತೇ, ಅಲ್ಲಿ ಚಳಿ ಇದೆಯೇ. ಅವಳೂ ಕೇಳುವುದನ್ನು ಬಿಟ್ಟಳು. ತಲೆ ನೋಯುತ್ತದೆ ಎಂದು ಒಮ್ಮೆ ಹೇಳಿದ್ದಳು. ಕಣ್ಣಿನ ಪರೀಕ್ಷೆಗೂ ಒಂದು ಕಡೆ ಹೋಗಿ ಬಂದಿದ್ದಳು. ಗೋಡೆಯ ಮೇಲಿನ ಅತಿ ಸಣ್ಣ ಅಕ್ಷರವನ್ನೂ ತಡವರಿಸದೆ ಓದಿದಳಂತೆ, ಕಣ್ಣು ಬಂಗಾರದಂತಿವೆ ಎಂದರಂತೆ. ಅದನ್ನು ಕೇಳಿ ಇನಾಯತನಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ.

ಬರೆಯುವುದನ್ನು ಮಾತ್ರ ಅವನು ನಿಲ್ಲಿಸಲಿಲ್ಲ. ಒಂಬತ್ತು, ಏಳು, ಹನ್ನೊಂದು. ಫೆಬ್ರುವರಿಯಲ್ಲಿ ಎದುರಾಳಿಗಳಿಗೂ ವಿಷಯ ಹಬ್ಬಿದಂತಿತ್ತು. ಯಾರೂ ನಡುವೆ ಸರ್ವ್ ಮಾಡುತ್ತಲೇ ಇರಲಿಲ್ಲ. ಮಾರ್ಚಿನ ಕೊನೆಯ ಪಂದ್ಯದಲ್ಲಿ ಹದಿನಾಲ್ಕು ಏಸ್, ಅದರಲ್ಲಿ ಹದಿಮೂರು ಹೊರ ಅಂಚಿಗೆ. ಕ್ಯಾಮೆರಾದಲ್ಲಿ ನಾಜಮೀನ ಈಗ ಸರ್ವಿಗೆ ಮುಂಚೆ ಕೋಳಿಯಂತೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. ತನಗೆ ಹಾಗೊಂದು ರೂಢಿಯಾಗಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ರ‍್ಯಾಂಕಿಂಗ್ ಆರುನೂರು ದಾಟಿ ಇಳಿದಿತ್ತು. ನವೆಂಬರಿನಿಂದ ಹದಿಮೂರು ಪಂದ್ಯ, ಮೂರು ಗೆಲುವು, ಹತ್ತು ಸೋಲು.

ರಂಜಾನ್ ತಿಂಗಳಿಗೆ ಅವಳು ಗಜೇಂದ್ರಗಡಕ್ಕೆ ಬಂದಳು. ಕೃಶವಾಗಿದ್ದಳು, ಮಾತು ಕಡಿಮೆಯಾಗಿತ್ತು. ಹಸೀನಾ ಮಗಳಿಗೆ ಯಾರದೋ ದೃಷ್ಟಿ ತಾಗಿದೆ ಎಂದು ದರ್ಗಾದಿಂದ ತಾಯಿತ ತಂದು ಕಟ್ಟಿದ್ದಳು. ಮನೆಯೊಳಗೆ ನಡೆಯುವಾಗ ಬಾಗಿಲ ಚೌಕಟ್ಟಿಗೆ ನಾಜಮೀನಳ ಹೆಗಲು ಬಡಿಯುತ್ತಿತ್ತು. ಇಡೀ ದಿನ ರೋಜಾ ಇರುವವಳು, ನಿಶ್ಶಕ್ತಿ ಎಂದು ತಾಯಿ ಅಂದುಕೊಂಡಳು.

ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ, ನಾಲ್ಕು ಹೊಡೆದಿತ್ತು. ಇನಾಯತ ನಿಲ್ದಾಣದ ಕಿಟಕಿಯೊಳಗೆ ಕೂತಿದ್ದ. ನರಗುಂದದ ಬಸ್ಸಿನ ಹಾದಿ ಕಾಯುತ್ತಿದ್ದ. ದೂರದಲ್ಲಿ ಬಿಳಿ ಸ್ಕೂಟಿ ಕಂಡಿತು. ನಾಜಮೀನ ಮಾಮನನ್ನು ನೋಡಲು ಬರುತ್ತಿದ್ದಳು, ಕಿಟಕಿಯ ಕಡೆಗೇ ನೋಡುತ್ತ, ನಗುತ್ತ. ಅದೇ ಹೊತ್ತಿಗೆ ಎಡಗಡೆಯಿಂದ ನರಗುಂದದ ಬಸ್ಸು ಗೇಟಿನೊಳಗೆ ತಿರುಗಿತು. ಚಾಲಕ ಹಾಲೇಶ ಹಾರ್ನ್ ಹೊಡೆದ. ಅವಳು ನಿಧಾನಿಸಲಿಲ್ಲ. ಇನ್ನೊಮ್ಮೆ ಹೊಡೆದ. ಅವಳ ಮುಖದಲ್ಲಿ ಅಂಜಿಕೆಯಿಲ್ಲ, ಗಡಿಬಿಡಿಯಿಲ್ಲ, ಅದೇ ನಗು. ಇನಾಯತ ಎದ್ದು ನಿಂತು ಕೂಗಿದ. ಬಾಯಿಂದ ದನಿ ಬಂತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಟಯರು ಕಿರುಚಿದವು. ಬಸ್ಸಿನ ಮೂತಿ ಸ್ಕೂಟಿಯ ಹಿಂಬದಿಗೆ ತಾಗಿತು, ಸ್ಕೂಟಿ ಗಿರಕಿ ಹೊಡೆದು ಮಲಗಿತು.

ಅವಳ ಮೊಳಕೈ ತರಚಿತ್ತು, ಅಷ್ಟೇ. ಜನ ಮುತ್ತಿದರು. ಹಾಲೇಶ ಇಳಿದು ಓಡಿ ಬಂದ.

“ಎರಡು ಸಲ ಹಾರ್ನ್ ಹೊಡ್ದೇನ್ರಿ ಸಾಹೇಬ್ರ. ನಿಮ್ಮಾಣಿ. ಎದುರಿಗೇ ಬಂದ್ಲು.”

“ರೋಜಾ ಐತಿ ಪಾಪ, ಚಕ್ಕರ್ ಬಂದಿರಬೇಕು,” ಅಂದರು ಯಾರೋ. ನೀರಿನ ಬಾಟಲಿ ಮುಂದೆ ಬಂತು. ನಾಜಮೀನ ಬೇಡವೆಂದು ತಲೆಯಾಡಿಸಿದಳು. ಇನಾಯತ ಅವಳನ್ನು ಕಟ್ಟೆಯ ಮೇಲೆ ಕೂಡಿಸಿದ. ಅವಳು ಬಸ್ಸಿನ ಕಡೆ ನೋಡುತ್ತ ಮೆಲ್ಲಗೆ ಕೇಳಿದಳು:

“ಮಾಮೂ, ಇದು ಎಲ್ಲಿಂದ ಬಂತ್ರಿ?”

ಸ್ಕೂಟಿಯ ಕೀಲಿಯನ್ನು ಇನಾಯತ ತನ್ನ ಜೇಬಿಗೆ ಹಾಕಿಕೊಂಡ. ಅವಳನ್ನು ಗಜೇಂದ್ರಗಡದ ಬಸ್ಸಿನಲ್ಲಿ ಕೂಡಿಸಿ, ಕಂಡಕ್ಟರನಿಗೆ ಮನೆಯ ಓಣಿಯವರೆಗೆ ಬಿಟ್ಟು ಬರಲು ಹೇಳಿದ. ಮರುದಿನ ಬೆಳಿಗ್ಗೆ ಏಳನೆಯ ದಫ್ತರವನ್ನು ತೆಗೆದು ಹದಿಮೂರು ಪಂದ್ಯಗಳನ್ನೂ ಕೂಡಿಸಿದ. ನೂರ ಇಪ್ಪತ್ತೊಂದು ಏಸ್. ನೂರ ಎಂಟು ಹೊರ ಅಂಚಿಗೆ. ಕೂಡಿಸುವ ಮುಂಚೆಯೇ ಅವನಿಗೆ ಅದು ಗೊತ್ತಿತ್ತು. ರಜೆ ಬರೆದುಕೊಟ್ಟು ಹತ್ತು ಗಂಟೆಯ ಬಸ್ಸು ಹತ್ತಿದ.

ಗಜೇಂದ್ರಗಡದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹಸೀನಾ ಪಡಸಾಲೆಯಲ್ಲಿ ಚರಕದ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು.  ಇನಾಯತ ನಾಜಮೀನಳನ್ನು ಅಂಗಳಕ್ಕೆ ಕರೆದ. ವರ್ಷಕ್ಕೊಮ್ಮೆ ಡಿಪೋದಲ್ಲಿ ಚಾಲಕರ ಕಣ್ಣು ಪರೀಕ್ಷೆ ಮಾಡುವುದನ್ನು ಅವನು ನೋಡಿದ್ದ. ಅಕ್ಷರ ಓದಿಸಿದ ಮೇಲೆ ಡಾಕ್ಟರು ಇನ್ನೊಂದು ಪರೀಕ್ಷೆ ಮಾಡುತ್ತಿದ್ದರು. ಅದರಲ್ಲಿ ತಪ್ಪಿದ ಒಬ್ಬ ಚಾಲಕ ಮತ್ತೆಂದೂ ಬಸ್ಸು ಹತ್ತಲಿಲ್ಲ.

“ಬಲಗಣ್ಣ ಮುಚ್ಕೋ. ಅಂಗೈಲೆ. ಈಗ ನನ್ನ ಮೂಗು ನೋಡು. ಅತ್ತಾಗ ಇತ್ತಾಗ ನೋಡಬ್ಯಾಡ.”

ಅವಳು ನಗುತ್ತಲೇ ಮುಚ್ಚಿಕೊಂಡಳು. ಇನಾಯತ ಒಂದು ಮಾರು ದೂರ ನಿಂತು ಅವಳ ಎಡಗಡೆಗೆ ಕೈಚಾಚಿ ಬೆರಳು ಆಡಿಸತೊಡಗಿದ. ಸ್ವಲ್ಪ ಹೊತ್ತು ಕಳೆಯಿತು.

“ಹ್ಞೂಂ, ಶುರು ಮಾಡ್ರಿ ಮಾಮೂ.”

ಅವನು ಬೆರಳು ಆಡಿಸುತ್ತಲೇ ಇದ್ದ. ಚರಕದ ಸದ್ದು ನಿಂತಿತು. ಹಸೀನಾ ಹೊಸ್ತಿಲಲ್ಲಿ ಬಂದು ನಿಂತಿದ್ದಳು. ತಮ್ಮನ ಕೈ ಅವಳಿಗೆ ಕಾಣುತ್ತಿತ್ತು.

ನಾಜಮೀನಳ ನಗು ಇಳಿಯಿತು. “ಮಾಮೂ… ನಿಮ್ಮ ಈ ಕಡೆ ಹೆಗಲು ಎಲ್ಲಿ ಹೋತ್ರಿ?”

“ನನ್ನ ಮೂಗು ನೋಡು.”

“ಮೂಗು ಕಾಣ್ತೈತಿ. ಅದರಾಚೆ ಏನೂ ಇಲ್ಲ.”

ಇನ್ನೊಂದು ಕಣ್ಣು ಮುಚ್ಚಿಸಿದ. ಆಗ ಇನ್ನೊಂದು ಹೆಗಲು ಮಾಯವಾಯಿತು. ಅವಳು ಕೈ ತೆಗೆದು ಎರಡೂ ಕಣ್ಣಿನಿಂದ ನೋಡಿದಳು. ಮಾಮ ಪೂರ್ತಿ ನಿಂತಿದ್ದ. ಮತ್ತೆ ಒಂದು ಕಣ್ಣು ಮುಚ್ಚಿದಳು, ತೆರೆದಳು, ಇನ್ನೊಂದು ಮುಚ್ಚಿದಳು. ಹೀಗೆ ನಾಲ್ಕೈದು ಸಲ ಮಾಡಿ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

“ನಾ ಕುರುಡಿ ಆಗಾಕತ್ತೀನೇನ್ರಿ?”

ಇನಾಯತ ಅವಳ ಕೈ ಹಿಡಿದು ಎಬ್ಬಿಸಿದ. “ಅಂಗಿ ಬದ್ಲಿ ಮಾಡ್ಕೊ. ಹುಬ್ಬಳ್ಳಿಗೆ ಹೋಗೂಣು,” ಅಂದ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಮೂರು ದಿನ ಪರೀಕ್ಷೆಗಳು ನಡೆದವು. ನಾಲ್ಕನೆಯ ದಿನ ವೈದ್ಯೆ ಮೂವರನ್ನೂ ಒಳಗೆ ಕರೆದಳು. ನಡುವಯಸ್ಸಿನ, ಮಾತನ್ನು ತೂಗಿ ಆಡುವ ಹೆಂಗಸು. ಬೆಳಕಿನ ಹಲಗೆಯ ಮೇಲೆ ಚಿತ್ರ ಇಟ್ಟು ತೋರಿಸಿದಳು. ಮೂಗಿನ ಬುಡದ ಹಿಂದೆ, ಮಿದುಳಿನ ಕೆಳಗೆ ಒಂದು ಗಂಟು ಬೆಳೆದಿದೆ. ಕ್ಯಾನ್ಸರ್ ಅಲ್ಲ. ಆದರೆ ಎರಡೂ ಕಣ್ಣಿನ ನರಗಳು ಒಂದನ್ನೊಂದು ಹಾಯ್ದು ಹೋಗುವ ಜಾಗಕ್ಕೇ ಅದು ಒತ್ತುತ್ತಿದೆ. ಅದಕ್ಕೇ ಹೊರಗಿನ ಬದಿ ಕತ್ತಲಾಗಿದೆ. ಎರಡೂ ಕಣ್ಣು ತೆರೆದಾಗ ಎದುರಿನ ನೋಟದಲ್ಲಿ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಕೊಳ್ಳುತ್ತದೆ, ತೀರ ಹೊರ ಅಂಚು ಮಾತ್ರ ಎರಡಕ್ಕೂ ಕಾಣುವುದಿಲ್ಲ. ಹೀಗಾಗಿ ಅವಳಿಗೆ ತಿಳಿದಿಲ್ಲ. ಮೂಗಿನ ಒಳಗಿಂದ ಹೋಗಿ ತೆಗೆಯಬೇಕು, ಅದೂ ಈ ವಾರವೇ.

“ಕಣ್ಣು ಪೂರ್ತಿ ಬರ್ತಾವೋ ಇಲ್ಲೋ ಅನ್ನೂದು ನರ ಎಷ್ಟು ದಿನದಿಂದ ಒತ್ತಿಸ್ಕೊಂಡದ ಅನ್ನೂದರ ಮ್ಯಾಲೆ ಅದ,” ಅಂದಳು ವೈದ್ಯೆ. “ಯಾವಾಗಿಂದ ಶುರು ಆಗ್ಯದ, ಅಂದಾಜು ಹೇಳ್ರಿ.”

“ಒಂದೆರಡು ತಿಂಗಳು ಇರಬೇಕ್ರಿ,” ಅಂದಳು ನಾಜಮೀನ.

ವೈದ್ಯೆ ಬರೆದುಕೊಳ್ಳತೊಡಗಿದಳು. ಇನಾಯತ ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ತಪ್ಪು ತಾರೀಖು ಕಾಗದದ ಮೇಲೆ ಹೋಗುವುದನ್ನು ನೋಡುತ್ತ ಕೂಡುವುದು ಅವನಿಗೆ ಆಗಲಿಲ್ಲ.

“ಐದು ತಿಂಗಳು ಆತ್ರಿ ಮೇಡಂ,” ಅಂದ. “ನವೆಂಬರ್ ಒಂಬತ್ತು. ಎರಡನೇ ಸೆಟ್. ಅವತ್ತ ಎರಡೂ ಕಡೆ ಕಂಡಿಲ್ಲ.”

ಚೀಲದಿಂದ ದಫ್ತರ ತೆಗೆದು ಮೇಜಿನ ಮೇಲೆ ಇಟ್ಟ. ವೈದ್ಯೆ ಪುಟ ತಿರುವುತ್ತ ಹೋದಳು. ಎಡ ಬಲ ಎಂಬ ಕಾಲಮ್ಮುಗಳು, ಪ್ರತಿ ಏಸಿಗೂ ಒಂದು ಕಡ್ಡಿ. ಡಿಸೆಂಬರಿನಲ್ಲಿ ಬಲಗಡೆ ಹೆಚ್ಚು, ಫೆಬ್ರುವರಿಯಿಂದ ಎರಡೂ ಸಮ. ಕೊನೆಗೆ, “ಇದನ್ನ ಬರದವರು ಯಾರು?” ಎಂದು ಕೇಳಿದಳು.

“ನಾನ್ರಿ.”

ಹಸೀನಾ ತಮ್ಮನ ಕಡೆ ತಿರುಗಿದಳು. “ನವೆಂಬರದಾಗ ನಿನಗ ಗೊತ್ತಿತ್ತೇನು?”

“ಗೊತ್ತಿರಲಿಲ್ಲ ಆಪಾ. ಬರದಿದ್ದೆ.”

“ಬರದಿದ್ದಿ. ಹೇಳಲಿಲ್ಲ.”

ಮಾಲತೇಶನಿಗೆ ಹೇಳಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿದ. ಒಂದು ಸಲ ಹೇಳಿ, ಒಂದು ಸಲ ಬೈಸಿಕೊಂಡು, ಮೂರು ತಿಂಗಳು ಮರ್ಯಾದೆ ಹಿಡಿದು ಕೂತಿದ್ದ. ಅದನ್ನು ಹೇಳಿದ್ದೇನೆ ಅನ್ನಲಾಗುತ್ತದೆಯೇ?

ಶಸ್ತ್ರಚಿಕಿತ್ಸೆ ನಾಲ್ಕೂವರೆ ತಾಸು ಹಿಡಿಯಿತು. ಆ ಸಲದ ಈದ್ ಅವರಿಗೆ ದವಾಖಾನೆಯ ವಾರ್ಡಿನಲ್ಲೇ ಆಯಿತು. ಕಮರುನ್ನಿಸಾ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ಮಾಡಿ ಡಬ್ಬಿಯಲ್ಲಿ ಕಳಿಸಿದ್ದಳು. ನಾಜಮೀನಳಿಗೆ ಮೂಗಿನಲ್ಲಿ ಹತ್ತಿ ತುರುಕಿದ್ದರಿಂದ ರುಚಿಯೇ ತಿಳಿಯಲಿಲ್ಲ. ಮಾಲತೇಶ ಬಂದು ಅವಳ ಕಾಲಬದಿಗೆ ನಿಂತು ಅತ್ತ. ಹೊರಗೆ ಇನಾಯತನ ಕೈ ಹಿಡಿದು ಏನೋ ಹೇಳಲು ಹೋದ. ಇನಾಯತ, “ಬಿಡ್ರಿ ಸರ್. ತಪ್ಪು ಇಬ್ಬರದೂ ಐತಿ,” ಅಂದ.

ಆರು ವಾರಕ್ಕೆ ಎಡಗಣ್ಣು ಬಹುಪಾಲು ಬಂತು. ಬಲಗಣ್ಣಿನ ಹೊರಬದಿ ಬರಲಿಲ್ಲ. ಬರುವ ಹಾಗಿದ್ದರೆ ವರ್ಷದೊಳಗೆ ಬರುತ್ತದೆ ಎಂದಿದ್ದರು, ವರ್ಷ ಕಳೆಯಿತು. ಇನ್ನೂ ಎರಡು ತಿಂಗಳು ಮೊದಲು ತಂದಿದ್ದರೆ ಎಂದು ವೈದ್ಯೆ ಅರ್ಧ ಹೇಳಿ ನಿಲ್ಲಿಸಿದ್ದಳು. ಆ ಅರ್ಧ ಮಾತನ್ನು ಇನಾಯತ ಪೂರ್ತಿ ಮಾಡಿಕೊಂಡು ತಿರುಗಾಡುತ್ತಿದ್ದಾನೆ. ರಕ್ತನಾಳಕ್ಕೆ ಅಂಟಿದ್ದ ಗಂಟಿನ ಒಂದು ಚೂರನ್ನು ಮುಟ್ಟಲಾಗದೆ ಬಿಟ್ಟಿದ್ದಾರೆ. ಅದು ಸುಮ್ಮನಿರಬಹುದು, ಬೆಳೆಯಲೂಬಹುದು. ಆರು ತಿಂಗಳಿಗೊಮ್ಮೆ ಚಿತ್ರ ತೆಗೆಸಬೇಕು.

ಟೆನಿಸ್ಸಿನ ಅಧಿಕೃತ ಪುಟದಲ್ಲಿ ನಾಜಮೀನಳ ದಾಖಲೆ ನೂರ ಮೂವತ್ತನಾಲ್ಕು ಗೆಲುವು, ನೂರ ಎರಡು ಸೋಲಿಗೆ ನಿಂತಿದೆ. ಪ್ರಶಸ್ತಿ ನಾಲ್ಕು, ಅತ್ಯುತ್ತಮ ರ‍್ಯಾಂಕಿಂಗ್ 437. ಈಗಿನ ರ‍್ಯಾಂಕಿಂಗ್ ಜಾಗದಲ್ಲಿ ಒಂದು ಅಡ್ಡಗೆರೆ. ಕೊನೆಯ ಹತ್ತು ಸೋಲುಗಳು ಯಾಕಾದವು ಎಂದು ಅಲ್ಲಿ ಎಲ್ಲೂ ಇಲ್ಲ. ನೋಡಿದವರು ಹುಡುಗಿ ಒಮ್ಮೆಲೇ ಕುಸಿದಳು ಅಂದುಕೊಳ್ಳಬಹುದು. ಅವಳು ಈಗ ತಂದೆ ಸುಣ್ಣದ ಗೆರೆ ಹಾಕುತ್ತಿದ್ದ ಅದೇ ಕ್ಲಬ್ಬಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆ. ಅಂಕಣದ ಬಲಮೂಲೆಯಲ್ಲಿ ನಿಲ್ಲುತ್ತಾಳೆ, ಎಲ್ಲರೂ ತನ್ನ ಎಡಕ್ಕೆ ಇರುವಂತೆ. ಸ್ಕೂಟಿ ಮುಟ್ಟುವುದಿಲ್ಲ. ಬಲಗಡೆಯಿಂದ ಯಾರಾದರೂ ಸದ್ದಿಲ್ಲದೆ ಬಂದು ಮಾತಾಡಿಸಿದರೆ ಈಗಲೂ ಬೆಚ್ಚುತ್ತಾಳೆ.

ಹಸೀನಾ ತಮ್ಮನ ಜೊತೆ ಒಂದೂವರೆ ವರ್ಷ ಮಾತು ಬಿಟ್ಟಿದ್ದಳು. ಹಬ್ಬಕ್ಕೆ ಕರೆಯಲಿಲ್ಲ. ಅವನು ಹೋದರೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದಳು. ಮೊದಲ ಎರಡು ಸಲ ಚಿತ್ರ ತೆಗೆಸಲು ತಾಯಿ ಮಗಳು ಇಬ್ಬರೇ ಹೋಗಿ ಬಂದರು. ಚೂರು ಇದ್ದಷ್ಟೇ ಇತ್ತು. ಮೂರನೆಯ ಸಲದ ಹೊತ್ತಿಗೆ, ಊರಿಗೆ ಬಂದಿದ್ದ ನಾಜಮೀನ ಮತ್ತೆ ತಲೆನೋವು ಶುರುವಾಗಿದೆ ಎಂದು ಬಾಯಿತಪ್ಪಿ ಅಂದ ದಿನ ಹಸೀನಾ ತಾನೇ ರೋಣಕ್ಕೆ ಬಂದಳು. ನಿಲ್ದಾಣದ ಕಿಟಕಿಯ ಹೊರಗೆ, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು.

“ಗುರುವಾರ ಹುಬ್ಬಳ್ಳಿಗೆ ಹೋಗಬೇಕು. ನೀ ಬಾ.”

“ನಾ ಬಂದು ಏನ್ ಮಾಡ್ಲಿ ಆಪಾ?”

“ಅಕೀ ಏನೂ ಹೇಳೂದುಲ್ಲ. ಎಲ್ಲಾ ಚಲೋ ಐತಿ ಅಂತಾಳ. ನನಗ ತಿಳಿಯೂದುಲ್ಲ.” ಅವಳು ಕಿಟಕಿಯ ಸರಳು ಹಿಡಿದು ಮುಂದುವರಿಸಿದಳು, “ನೀ ನೋಡ್ತಿ. ಈ ಸಲ ನೋಡಿದ್ದನ್ನ ಬಾಯಿಬಿಟ್ಟು ಹೇಳು.”

ಗುರುವಾರ ಬೆಳಿಗ್ಗೆ ರೋಣದಲ್ಲಿ ಆರೂವರೆಯ ಬಸ್ಸಿಗೆ ಮೂವರೂ ಹತ್ತಿದರು. ನಾಜಮೀನ ಬಲಗಡೆಯ ಕಿಟಕಿಗೆ ಕೂತಳು, ಅಲ್ಲಿಂದ ಯಾರೂ ಬಂದು ಬೆಚ್ಚಿಸಲಾರರು. ನಡುವೆ ಹಸೀನಾ, ಈಚೆಗೆ ಇನಾಯತ. ನರಗುಂದ ದಾಟಿ ಕಪ್ಪು ಹೊಲಗಳ ನಡುವೆ ಬಸ್ಸು ಓಡತೊಡಗಿತು. ನಾಜಮೀನ ಎರಡು ಬೆರಳಿನಿಂದ ಹಣೆಯನ್ನು ಒತ್ತಿಕೊಂಡಳು, ತಾಯಿ ನೋಡುತ್ತಾಳೆಂದು ಕೈ ಕೆಳಗಿಳಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿಕೊಂಡಳು.

“ಆಪಾ,” ಅಂದ ಇನಾಯತ, “ನರಗುಂದ ಬಿಟ್ಟ ಮ್ಯಾಲೆ ಇದು ಎರಡನೇ ಸಲ.”

ಹಸೀನಾ ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದುಕೊಂಡಳು. ಹುಬ್ಬಳ್ಳಿ ಇನ್ನೂ ಒಂದು ತಾಸಿನ ದಾರಿ ಇತ್ತು.